ಮೊಂಡು ಟೇಪಿನ ಮೂರಿಂಚು

ಮುನಿಸ್ವಾಮಪ್ಪ: ಆರಡಿ ಅಲಗೆ ಕೊಟ್ಟು ಒಂದೂವರೆ ಈಸ್ಕೊಂಡು ಬರೋಕೆ ನನಗೇನು ಮಂಡೆ ಕೆಟ್ಟದಾ ಅಳಿಯಂದ್ರೆ?

ಕಾಂತರಾಜ್: ಒಂದೂವರೆ ಅಲ್ಲ ಮಾವ, ಒಂದು ಪಾಯಿಂಟ್ ಆರು. ಅದೂ ಮೀಟರು. ಅಡಿ ಅಲ್ಲ.

ಮುನಿಸ್ವಾಮಪ್ಪ: ಏನಾನ ಆಗ್ಲಿ. ಆರು ಎಲ್ಲಿ, ಒಂದು ಎಲ್ಲಿ? ಆ ಮಿಷಿನ್ನೋನು ಒಂದು ಅಂತ ಕೇಳುಸ್ಕೊಂಡು ಒಂದಕ್ಕೇ ಕುಯ್ದು ಕೊಟ್ರೆ ಏನ್ ಮಾಡಾನ? ಇರೋದು ಒಂದೇ ಅಲಗೆ. ಇದೇನು ಸೊಪ್ಪಲ್ಲ, ಕುಯ್ದ್ ಮ್ಯಾಲೆ ಚಿಗುರಕ್ಕೆ.

ಊರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನುಮನೆಗಳ ಸಾಲಿನಲ್ಲಿ ಕೊನೆಯ ಮನೆ. ಜಗಲಿಯ ಮೇಲೆ ಎರಡು ಸ್ಟೂಲು, ಅವುಗಳ ಮೇಲೆ ಉದ್ದಕ್ಕೆ ಮಲಗಿದ ಒಂದು ತೇಗದ ಹಲಗೆ. ಅದರ ಈ ಕಡೆ ಮುನಿಸ್ವಾಮಪ್ಪ, ಗಣಿಯಲ್ಲಿ ಇಪ್ಪತ್ತೆರಡು ವರ್ಷ ಮರಗೆಲಸ ಮಾಡಿ ಬಂದ ಮನುಷ್ಯ. ಆ ಕಡೆ ಅಳಿಯ ಕಾಂತರಾಜ್, ತಿಪಟೂರಿನ ಕಡೆಯವನು, ಇಲ್ಲಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ಅಳೆದು ಪಾಸು ಮಾಡುವ ಕೆಲಸ. ಮಾವ ಇಂಚಿನಲ್ಲಿ ಉಸಿರಾಡುತ್ತಾರೆ, ಅಳಿಯ ಮೀಟರಿನಲ್ಲಿ. ಇಬ್ಬರ ನಡುವೆ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿರುವವರು ಅಮ್ಮಾಜಮ್ಮ, ಒಬ್ಬರಿಗೆ ಹೆಂಡತಿ, ಇನ್ನೊಬ್ಬರಿಗೆ ಅತ್ತೆ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಬಹಳ ವರ್ಷ ಹೂವು ಮಾರಿದವರು, ಆದ್ದರಿಂದ ಮಾತಿನಲ್ಲಿ ಯಾರಿಗೂ ಉದ್ರಿ ಉಳಿಸಿಕೊಳ್ಳುವುದಿಲ್ಲ.

ವಿಷಯ ಇಷ್ಟು. ಮಗಳು ಕಲಾ ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಟೈಲರ್ ಅಂಗಡಿ ಹಾಕುತ್ತಿದ್ದಾಳೆ. ಶುಕ್ರವಾರ ಪೂಜೆ. ಅಂಗಡಿ ಎಂದರೆ ಎರಡು ಗೋಡೆಗಳ ನಡುವಿನ ಸಂದಿ. ಆ ಗೋಡೆಯಿಂದ ಈ ಗೋಡೆಗೆ ಒಂದು ಹಲಗೆ ಕೂರಿಸಿದರೆ ಅದೇ ಕೌಂಟರು, ಅದೇ ಬಟ್ಟೆ ಕತ್ತರಿಸುವ ಮೇಜು. ಹಲಗೆ ಕೊಡುವುದು ಅಪ್ಪನ ಆಸೆ. ಗಣಿ ಮುಚ್ಚಿದಾಗ ಹರಾಜಿನಲ್ಲಿ ಹಿಡಿದು, ಇಷ್ಟು ವರ್ಷ ಮಂಚದ ಕೆಳಗೆ ಕಾಪಾಡಿದ ಹಲಗೆ. ಈಗ ಅವರ ಭುಜ ಗರಗಸ ಎಳೆಯುವುದಿಲ್ಲ, ಹಾಗಾಗಿ ಬಂಗಾರಪೇಟೆಯ ವಿಜಯಕುಮಾರನ ಮೆಷೀನಿನಲ್ಲಿ ಕೊಯ್ಯಿಸಬೇಕು. ಆ ಮೆಷೀನಿಗೆ ಕಂಪ್ಯೂಟರ್ ಇದೆ, ಕಂಪ್ಯೂಟರಿಗೆ ಮೀಟರ್ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ.

ಕಾಂತರಾಜ್: ನೋಡಿ ಮಾವ, ಸುಲಭ ಇದೆ. ಮೂವತ್ತೊಂಬತ್ತು ಪಾಯಿಂಟ್ ಮೂರು ಏಳು ಇಂಚಿಗೆ ಒಂದು ಮೀಟರ್.

ಮುನಿಸ್ವಾಮಪ್ಪ: ಅದಕ್ಕೆ ಆ ಬಾಲ ಯಾಕೆ? ಮಾಡಿದ್ದು ಮಾಡಿದ್ರು, ನಲವತ್ತು ಅಂತ ಮಾಡಕ್ಕೆ ಏನ್ ರೋಗ?

ಕಾಂತರಾಜ್: ನಾನು ಮಾಡಿದ್ದಲ್ಲ ಮಾವ.

ಮುನಿಸ್ವಾಮಪ್ಪ: ನೀವು ಮಾಡಿಲ್ಲ, ಆದ್ರೆ ಅವರ ಕಡೆನೇ ಮಾತಾಡ್ತೀರಾ.

ಅಮ್ಮಾಜಮ್ಮ: ಅಷ್ಟೆಲ್ಲ ಯಾಕೆ ಕಿತ್ತಾಡ್ತೀರ? ಒಂದು ಮೀಟರು ಅಂದ್ರೆ ಎರಡು ಮೊಳ, ಮ್ಯಾಲೆ ನಾಲ್ಕು ಬೆರಳು. ಮುಗೀತು.

ಕಾಂತರಾಜ್: ಎರಡು ಮೊಳ ಮೂವತ್ತಾರು, ನಾಲ್ಕು ಬೆರಳು ಅಂದ್ರೆ ಮೂರಿಂಚು… ಮೂವತ್ತೊಂಬತ್ತು. ಅತ್ತೆ ಲೆಕ್ಕ ಹೆಚ್ಚುಕಮ್ಮಿ ಸರಿ ಇದೆ ಮಾವ.

ಅಮ್ಮಾಜಮ್ಮ: ಇನ್ನೊಂದು ಏಳ್ತೀನಿ ಕೇಳಿ. ಈ ಅಲಗೆ ಆರಡಿ ಇಲ್ಲ. ನಾಲ್ಕು ಮೊಳಕ್ಕೆ ನಾಲ್ಕು ಬೆರಳು ಕಮ್ಮಿ ಅದೆ. ಇಪ್ಪತ್ತು ಬ್ಯಾಸಿಗೆ ಇದರ ಮ್ಯಾಲೆ ಸಂಡಿಗೆ ಒಣಗಾಕಿದೀನಿ, ನನಗೆ ಗೊತ್ತಿಲ್ವಾ?

ಮುನಿಸ್ವಾಮಪ್ಪ: ಬಂದ್ಲಪ್ಪ ಅಳತೆ ಇನಿಸ್ಪೆಟ್ರು. ನಿಂದು ಹೂವಿನ ಮೊಳ ಕಣೆ. ಕೊಡೋವಾಗ ಒಂದು, ತಗೊಳ್ಳೋವಾಗ ಒಂದು. ನಿನ್ನ ಕೈಯಲ್ಲಿ ಮಲ್ಲಿಗೆ ತಗೊಂಡೋರು ಯಾರಾನ ಎರಡು ಸುತ್ತು ಮುಡ್ಕೊಂಡಿದ್ದು ನೋಡಿದೀಯಾ?

ಅಮ್ಮಾಜಮ್ಮ: ಸರಿ, ನನ್ನ ಮೊಳ ಗಿಡ್ಡ ಅಂತನೇ ಇಟ್ಕೊಳ್ಳಿ. ಗಿಡ್ಡ ಮೊಳದಲ್ಲಿ ಅಳೆದ್ರೆ ಅಲಗೆ ನಾಲ್ಕು ಮೊಳಕ್ಕಿಂತ ಜಾಸ್ತಿ ಬರಬೇಕಿತ್ತು. ಕಮ್ಮಿ ಎಂಗೆ ಬತ್ತದೆ?

ಕಾಂತರಾಜ್ ಬಾಯಿ ತೆರೆದ. ಅತ್ತೆಯ ಮಾತಿನಲ್ಲಿ ಏನೋ ಇದೆ ಎಂದು ಅವನಿಗೆ ಅನ್ನಿಸಿತು. ಏನು ಎಂದು ಯೋಚಿಸುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಒಳ್ಳೆಯ ಯೋಚನೆ ಬರುವ ಹೊತ್ತಿಗೆ ಫೋನ್ ಬರುವುದು ಈ ಕಾಲದ ಶಾಪ.

ವಿಜಯಕುಮಾರ್ (ಫೋನಿನಲ್ಲಿ): ಸಾರ್, ಒಂದು ಪಾಯಿಂಟ್ ಆರು ಸೊನ್ನೆ ಸೆಟ್ ಮಾಡಿಟ್ಟಿದೀನಿ. ಹನ್ನೆರಡಕ್ಕೆ ಕರೆಂಟ್ ತೆಗೀತಾರೆ, ಆಮೇಲೆ ನಾಳಿದ್ದೇ. ಗೂಡ್ಸ್ ಆಟೋ ಕಳಿಸ್ಲಾ?

ಕಾಂತರಾಜ್: ಕಳಿಸಿ ವಿಜಯಕುಮಾರ್, ಹಲಗೆ ರೆಡಿ ಇದೆ.

ಮುನಿಸ್ವಾಮಪ್ಪ: ಇರಿ, ಇರಿ. ಆಟೋ ಬರ್ಲಿ, ಆದ್ರೆ ಅಲಗೆ ಅತ್ತಲ್ಲ. ಮೊದ್ಲು ಆ ಮೀಟರನ್ನ ವಾಪಸ್ ಇಂಚು ಮಾಡಿ ಯೋಳಿ.

ಕಾಂತರಾಜ್: ಇಂಚಿಂದ ಮೀಟರ್ ಮಾಡಿದ್ದನ್ನ ಮತ್ತೆ ಇಂಚು ಮಾಡೋದಾ?

ಮುನಿಸ್ವಾಮಪ್ಪ: ಊಂ. ಓದ ದಾರೀಲೇ ವಾಪಸ್ ಬಂದ್ರೆ ಮನೆ ಸಿಕ್ಕಲೇಬೇಕಲ್ವಾ?

ಕಾಂತರಾಜ್ ಫೋನಿನ ಮೇಲೆ ಬೆರಳಾಡಿಸಿದ.

ಕಾಂತರಾಜ್: ಅರವತ್ಮೂರು ಇಂಚು.

ಮುನಿಸ್ವಾಮಪ್ಪ ಸ್ಟೂಲನ್ನು ಎಳೆದುಕೊಳ್ಳಲು ಹೋಗಿ, ಅದರ ಮೇಲೆ ಹಲಗೆ ಇರುವುದನ್ನು ಕಂಡು, ನಿಂತೇ ಇದ್ದರು.

ಮುನಿಸ್ವಾಮಪ್ಪ: ನಾನು ಕೊಟ್ಟಿದ್ದು ಅರವತ್ತೊಂಬತ್ತು. ಮೀಟರ್ ಒಳಕ್ಕೋಗಿ ಈಚೆಗೆ ಬರೋದ್ರಲ್ಲಿ ಆರಿಂಚು ನುಂಗಿಬಿಡ್ತಾ?

ಕಾಂತರಾಜ್: ಮೀಟರ್ ನುಂಗಲ್ಲ ಮಾವ.

ಮುನಿಸ್ವಾಮಪ್ಪ: ಯಾಕೆ ನುಂಗಲ್ಲ? ಗಿರಣಿಗೆ ರಾಗಿ ಆಕಿದ್ರೆ ಅರ್ಧ ಪಾವು ಅಲ್ಲೇ ಉಳ್ಕೊಳ್ಳಲ್ವಾ? ಅಂಗೇ ಇದೂ. ಸದ್ಯ, ಕೇಳ್ದೆ. ಇಲ್ದಿದ್ರೆ ನನ್ನ ಮಗಳ ಅಂಗಡೀಲಿ ಅಲಗೆ ಒಂದು ಗೋಡೆ ಇಡ್ಕೊಂಡು ಇನ್ನೊಂದು ಗೋಡೇನ ದೂರದಿಂದ ನೋಡ್ತಾ ನಿಂತಿರೋದು.

ಕಾಂತರಾಜ್: ಅರವತ್ತೊಂಬತ್ತು ಎಲ್ಲಿಂದ ಬಂತು ಮಾವ? ನೀವು ಬಾಗಿಲ ಮೇಲೆ ಬರೆದಿರೋದು ಅರವತ್ತಾರು. ಅದರಲ್ಲಿ ನಾನು ಮೂರು ಕಳೆದೆ. ಅರವತ್ಮೂರು. ಅದನ್ನೇ ಮೀಟರ್ ಮಾಡಿ ಕಳಿಸಿದೆ.

ಮುನಿಸ್ವಾಮಪ್ಪ: ನೀವ್ಯಾಕೆ ಮೂರು ಕಳೆದ್ರಿ?

ಕಾಂತರಾಜ್: ನಿಮ್ಮ ಟೇಪು ಮೊಂಡಲ್ವಾ ಮಾವ? ಈ ಮನೆಗೆ ಅಳಿಯ ಆದ ಮೊದಲ ವಾರವೇ ಅತ್ತೆ ನನಗೆ ಹೇಳಿಕೊಟ್ಟ ಎರಡನೇ ವಿಷಯ ಅದು.

ಮುನಿಸ್ವಾಮಪ್ಪ: ಮೊದಲ್ನೇದು ಏನು?

ಅಮ್ಮಾಜಮ್ಮ: ಅದು ನಿಮಗೆ ಬ್ಯಾಡ.

ಟೇಪಿನ ಕಥೆ ಹೇಳದಿದ್ದರೆ ಓದುಗರು ನನ್ನನ್ನು ಬಿಡುವುದಿಲ್ಲ. ಅದು ಉಕ್ಕಿನ ಟೇಪು, ಗಣಿಯ ಕಾಲದ್ದು. ಒಮ್ಮೆ ಟ್ರಾಲಿ ಹತ್ತಿ ಅದರ ಮುಂದಿನ ಮೂರಿಂಚು ಮುರಿದುಹೋಯಿತು. ಹೊಸದು ಕೇಳಿದರೆ ಸ್ಟೋರಿನವನು, ಹಳೆಯದನ್ನು ಪೂರ್ತಿ ತಂದುಕೊಡು, ಮುರಿದ ಮೂರಿಂಚನ್ನೂ ಸೇರಿಸಿ, ಎಂದನಂತೆ. ಆ ಮೂರಿಂಚು ಭೂಮಿಯೊಳಗೆ ಅರ್ಧ ಮೈಲಿ ಕೆಳಗಿತ್ತು. ಅಂದಿನಿಂದ ಟೇಪು ಸೊನ್ನೆಯಿಂದ ಶುರುವಾಗುವುದಿಲ್ಲ, ಮೂರರಿಂದ ಶುರುವಾಗುತ್ತದೆ. ಏನು ಅಳೆದರೂ ಬಂದ ಅಂಕಿಯಲ್ಲಿ ಮೂರು ಕಳೆಯಬೇಕು. ಮನೆಯವರಿಗೆಲ್ಲ ಇದು ಗೊತ್ತು, ಒಲೆ ಬಿಸಿ ಇರುತ್ತದೆ ಎಂದು ಗೊತ್ತಿರುವ ಹಾಗೆ.

ಮುನಿಸ್ವಾಮಪ್ಪ: ಮೂರು ನಾನೇ ಕಳೆದಿದೀನಿ ಅಳಿಯಂದ್ರೆ. ಅಂಗಡೀಲೇ ನಿಂತ್ಕೊಂಡು ಕಳೆದೆ. ಟೇಪು ಎಪ್ಪತ್ತೆರಡು ತೋರಿಸ್ತು. ಮೂರು ಓಯ್ತು, ಅರವತ್ತೊಂಬತ್ತು. ಸೀಮೆಸುಣ್ಣದಲ್ಲಿ ಈ ಬಾಗಿಲ ಮ್ಯಾಲೆ ಬರೆದಿದ್ದು ಅರವತ್ತೊಂಬತ್ತೇ. ಅರವತ್ತಾರು ಯಾರು ಬರೆದ್ರು, ದೆವ್ವ ಬಂದು ಬರೀತಾ?

ಅಮ್ಮಾಜಮ್ಮ ಅವರೆಕಾಯಿಯ ಸಿಪ್ಪೆಗಳನ್ನು ಬಹಳ ಶ್ರದ್ಧೆಯಿಂದ ಒಂದು ಕಡೆ ಗುಡ್ಡೆ ಹಾಕತೊಡಗಿದರು. ಅಷ್ಟು ಶ್ರದ್ಧೆ ಸಿಪ್ಪೆಗೆ ಬೇಕಿರಲಿಲ್ಲ.

ಮುನಿಸ್ವಾಮಪ್ಪ: ಅಮ್ಮಾಜಿ.

ಅಮ್ಮಾಜಮ್ಮ: ಏನು?

ಮುನಿಸ್ವಾಮಪ್ಪ: ಇಲ್ಲಿ ನೋಡು.

ಅಮ್ಮಾಜಮ್ಮ: ನೋಡಿದೆ. ನಾನೇ ಒರೆಸಿ ಬರೆದೆ, ಏನಿವಾಗ? ಬೆಳಗ್ಗೆ ಎದ್ದು ನೋಡ್ತೀನಿ, ಅರವತ್ತೊಂಬತ್ತು ಅಂತ ಇತ್ತು. ಈ ಮನುಷ್ಯ ಮೂರು ಕಳೆಯೋದು ಮರೆತೇ ಇರ್ತಾರೆ ಅಂತ ಕಳೆದು ಸರಿ ಮಾಡಿದೆ. ನಿಮಗೆ ಯೋಳಿದ್ರೆ ಜಗಳ ಆಗತ್ತೆ ಅಂತ ಸುಮ್ಕಿದ್ದೆ.

ಕಾಂತರಾಜ್: ಅಂದ್ರೆ ಮೂರು ಇಂಚನ್ನ ಮೂರು ಜನ ಒಂದೊಂದು ಸಲ ಕಳೆದಿದ್ದೀವಿ.

ಮುನಿಸ್ವಾಮಪ್ಪ: ಇನ್ನೊಬ್ಬ ಅಳಿಯ ಇದ್ದಿದ್ರೆ ಅರವತ್ತಕ್ಕೆ ಇಳೀತಿತ್ತು. ಪುಣ್ಯಕ್ಕೆ ಒಂದೇ ಮಗಳು.

ಕಾಂತರಾಜ್: ನನ್ನದೂ ತಪ್ಪೇ. ನನ್ನ ಟೇಪಿನಲ್ಲಿ ಅಳೆದಿದ್ರೆ ಈ ಕಷ್ಟ ಇರ್ತಿರಲಿಲ್ಲ. ಕಾರ್ಖಾನೆ ಟೇಪನ್ನ ಗೇಟಿಂದ ಹೊರಗೆ ಬಿಡಲ್ಲ.

ಮುನಿಸ್ವಾಮಪ್ಪ: ಬಿಟ್ಟಿದ್ರೂ ನಾನು ಬಿಡ್ತಿರ್ಲಿಲ್ಲ. ನನ್ನ ಅಲಗೆಗೆ ನನ್ನ ಅಳತೆ. ಈಗ ಅರವತ್ತೊಂಬತ್ತನ್ನ ಮೀಟರ್ ಮಾಡಿ.

ಅಮ್ಮಾಜಮ್ಮ: ಅಂಗೆಲ್ಲ ಒಪ್ಪಲ್ಲ ನಾನು. ಕಳೆದಿದೀನಿ ಅಂತ ನೀವು ಬಾಯಲ್ಲಿ ಏಳ್ತೀರ. ಮಂಚ ಮಾಡ್ದಾಗಲೂ ಅಂಗೇ ಯೋಳಿದ್ರಿ.

ಮಂಚದ ಮಾತು ಬರಬಾರದಿತ್ತು. ಬಂತು. ಹನ್ನೆರಡು ವರ್ಷದ ಹಿಂದೆ ಕಲಾಳ ಮದುವೆಗೆಂದು ಮುನಿಸ್ವಾಮಪ್ಪ ಒಳಕೋಣೆಯಲ್ಲಿ ಕೂತು ಎರಡು ತಿಂಗಳು ಮಂಚ ಮಾಡಿದ್ದರು. ಕೋಣೆಯ ಬಾಗಿಲನ್ನು ಇದೇ ಟೇಪಿನಲ್ಲಿ ಅಳೆದು, ಆ ಒಂದು ದಿನ ಮೂರು ಕಳೆಯುವುದನ್ನು ಮರೆತಿದ್ದರು. ಮದುವೆಯ ದಿನ ಆರು ಜನ ಸೇರಿ ನಿಲ್ಲಿಸಿ, ಮಲಗಿಸಿ, ಓರೆ ಮಾಡಿ ನೋಡಿದರು. ಅಂಟು ಹಾಕಿ ಬೆಸೆದ ಮಂಚ ಕೋಣೆ ಬಿಟ್ಟು ಕದಲಲಿಲ್ಲ. ಇಂದಿಗೂ ಅಲ್ಲೇ ಇದೆ. ಅಳಿಯನಿಗೆ ಕೊಡಬೇಕಿದ್ದ ಮಂಚದ ಮೇಲೆ ಮಾವ ಮಲಗುತ್ತಾರೆ, ಒಂದು ದಿನವೂ ಅವರಿಗೆ ಸಲೀಸಾಗಿ ನಿದ್ದೆ ಬಂದಿಲ್ಲ.

ಮುನಿಸ್ವಾಮಪ್ಪ: ಮಂಚದ ಇಸ್ಯ ಯಾಕೆ ಎತ್ತಿದೆ ನೀನು?

ಅಮ್ಮಾಜಮ್ಮ: ಎತ್ತಕ್ಕಾದ್ರೆ ಆವತ್ತೇ ಎತ್ಕೊಂಡೋಗ್ತಿದ್ರು.

ಮುನಿಸ್ವಾಮಪ್ಪ: ನೋಡಿ ಅಳಿಯಂದ್ರೆ. ನನ್ನ ಮಗಳು ಮರಗೆಲಸದೋನ ಮನೇಲಿ ಉಟ್ಟಿ, ಒಂದು ಮರದ ತುಂಡು ಇಲ್ದೆ ಗಂಡನ ಮನೆಗೆ ಓದ್ಲು. ಅದು ನನಗೆ ಈಗ್ಲೂ ಕೊರೀತದೆ. ಈ ಅಲಗೆ ಒಂದು ಸರಿಯಾಗಿ ಕೂತ್ರೆ ಸಾಕು. ಇದೂ ಕೆಟ್ರೆ ಇನ್ನು ಕೊಡಕ್ಕೆ ನನ್ನತ್ರ ಮರ ಇಲ್ಲ, ಮಾಡಕ್ಕೆ ಭುಜನೂ ಇಲ್ಲ.

ಅಮ್ಮಾಜಮ್ಮನ ಕೈ ನಿಂತಿತು. ಕಾಂತರಾಜ್ ಹಲಗೆಯ ಅಂಚನ್ನು ಸವರಿದ. ಅವನಿಗೆ ಆ ಮಂಚದ ಬಗ್ಗೆ ಯಾವ ಬೇಸರವೂ ಇರಲಿಲ್ಲ, ಅದನ್ನು ಹೇಳುವುದು ಹೇಗೆಂದು ಮಾತ್ರ ಹನ್ನೆರಡು ವರ್ಷದಿಂದ ತಿಳಿದಿರಲಿಲ್ಲ.

ಕಾಂತರಾಜ್: ಕಲಾ ಅಂಗಡೀಲೇ ಇದ್ದಾಳೆ ಮಾವ. ಅವಳ ಹತ್ತಿರ ಟೈಲರ್ ಟೇಪ್ ಇದೆ. ಅಳೆದು ಹೇಳ್ತಾಳೆ. ಅರವತ್ತೊಂಬತ್ತೋ ಅರವತ್ತಾರೋ, ಅಲ್ಲಿಗೆ ತೀರ್ಮಾನ.

ಫೋನನ್ನು ಸ್ಪೀಕರಿಗೆ ಹಾಕಿ ಹಲಗೆಯ ಮೇಲಿಟ್ಟರು. ಅಂಗಡಿಯ ಪಕ್ಕ ರೈಲು ಹೋಗುವ ಸದ್ದು ಮುಗಿಯುವ ತನಕ ಮೂವರೂ ಕಾದರು.

ಕಲಾ (ಫೋನಿನಲ್ಲಿ): ಅಳೆದೆ ರೀ. ನನ್ನ ಟೇಪು ಅರವತ್ತಕ್ಕೇ ಮುಗೀತದೆ. ಅರವತ್ತು ಒಂದ್ಸಲ, ಅಲ್ಲಿಂದ ಇನ್ನೊಂದಿಷ್ಟು. ಎಲ್ಲ ಸೇರಿ ಎಪ್ಪತ್ತೊಂದು.

ಮುನಿಸ್ವಾಮಪ್ಪ: ಎಪ್ಪತ್ತೊಂದಾ?

ಅಮ್ಮಾಜಮ್ಮ: ನೋಡಿದ್ರಾ, ನಿಮ್ಮದೂ ಇಲ್ಲ ನಂದೂ ಇಲ್ಲ. ಈಗ ಮೂರು ಅಳತೆ ಆಯ್ತು.

ಕಾಂತರಾಜ್: ಅರವತ್ತಾರು ಅಂದ್ರೆ ಒಂದು ಪಾಯಿಂಟ್ ಆರು ಏಳು. ಅರವತ್ತೊಂಬತ್ತು ಅಂದ್ರೆ ಒಂದು ಪಾಯಿಂಟ್ ಏಳು ಐದು. ಎಪ್ಪತ್ತೊಂದು ಅಂದ್ರೆ ಒಂದು ಪಾಯಿಂಟ್ ಎಂಟು. ಎಲ್ಲದಕ್ಕೂ ಮೀಟರ್ ಮಾಡಿಟ್ಟಿದೀನಿ, ಯಾವುದು ಬೇಕೋ ಹೇಳಿ.

ಮುನಿಸ್ವಾಮಪ್ಪ: ಇದೇನು ಓಟಲ್ಲಾ, ಇಡ್ಲಿ ಬೇಕಾ ವಡೆ ಬೇಕಾ ಅಂತ ಕೇಳಕ್ಕೆ? ರಾತ್ರೋರಾತ್ರಿ ಗೋಡೆ ಎರಡಿಂಚು ಜರುಗ್ತಾ?

ಕಲಾ: ಅಪ್ಪ, ಯಾಕಿಷ್ಟು ಒದ್ದಾಡ್ತೀರಾ? ಅಲಗೆ ಆಗ್ಲಿಲ್ಲ ಅಂದ್ರೂ ಪರ್ವಾಗಿಲ್ಲ. ಇಲ್ಲಿ ಶಾಮಿಯಾನದೋರು ಬಾಡಿಗೆಗೆ ಕಬ್ಬಿಣದ ಟೇಬಲ್ ಕೊಡ್ತಾರೆ. ಶುಕ್ರವಾರದ ಮಟ್ಟಿಗೆ ಅದೇ ಆಕ್ಕೋತೀನಿ.

ಮುನಿಸ್ವಾಮಪ್ಪ: ಬಾಡಿಗೆ ಟೇಬಲ್ಲಾ? ನಾನು ಬದುಕಿರೋವಾಗ?

ಅಮ್ಮಾಜಮ್ಮ: ನೀನು ಸುಮ್ಕಿರವ್ವ, ಅವರ ಮುಂದೆ ಟೇಬಲ್ ಸುದ್ದಿ ಎತ್ಬ್ಯಾಡ. ಇದು ಯೋಳು, ನೀನು ಆ ಗೋಡೇನ ಎಂಗೆ ಅಳೆದೆ? ಜಾಕೀಟಿಗೆ ಅಳೆದಂಗೆ ಅಳೆದ್ಯಾ?

ಕಲಾ: ಇನ್ನೆಂಗಮ್ಮ ಅಳೀತಾರೆ? ಇರೋದು ಬರ್ಕೊಂಡು ಎರಡೂ ಕಡೆ ಒಂದೊಂದಿಂಚು ಒಲಿಗೆಗೆ ಬಿಟ್ಟಿದೀನಿ. ನಾಳೆ ಬಿಗಿ ಆದ್ರೆ ಬಿಚ್ಕೋಬಹುದು ಅಂತ.

ಮುನಿಸ್ವಾಮಪ್ಪ: ಏನನ್ನ ಬಿಚ್ಕೋತೀಯಾ? ಗೋಡೇನಾ?



ಕಲಾ: ಅಯ್ಯೋ. ಕೈ ಅಭ್ಯಾಸ ಅಪ್ಪ. ಆ ಎರಡಿಂಚು ತೆಗೀರಿ.

ಕಾಂತರಾಜ್: ಎಪ್ಪತ್ತೊಂದರಲ್ಲಿ ಎರಡು ಹೋದ್ರೆ ಅರವತ್ತೊಂಬತ್ತು.

ಮುನಿಸ್ವಾಮಪ್ಪ ಸೊಂಟದ ಮೇಲೆ ಕೈಯಿಟ್ಟು ಹೆಂಡತಿಯ ಕಡೆ ತಿರುಗಿದರು. ಗೆದ್ದವನು ಮಾತಾಡಬಾರದು ಎನ್ನುತ್ತಾರೆ, ಆದರೆ ಅದನ್ನು ಹೇಳಿದವರು ಅಮ್ಮಾಜಮ್ಮನ ಜೊತೆ ನಲವತ್ತು ವರ್ಷ ಸಂಸಾರ ಮಾಡಿದವರಲ್ಲ.

ಮುನಿಸ್ವಾಮಪ್ಪ: ಏನಂತೀಯಾ? ಕಳೆಯೋದು ಮರೀತೀನಾ ನಾನು? ನಾಳೆಯಿಂದ ನನ್ನ ಬರಹ ಒರೆಸೋಕೆ ಬಂದ್ರೆ ನೋಡು.

ಅಮ್ಮಾಜಮ್ಮ: ಸರಿ, ಈ ಒಂದ್ಸಲ ಮರೆತಿಲ್ಲ. ಅದನ್ನೂ ಬಾಗಿಲ ಮ್ಯಾಲೆ ಬರೆದಿಡಿ.

ಕಾಂತರಾಜ್: ವಿಜಯಕುಮಾರ್‌ಗೆ ಕಳಿಸ್ತಿದೀನಿ. ಒಂದು ಪಾಯಿಂಟ್ ಏಳು ಐದು.

ಮುನಿಸ್ವಾಮಪ್ಪ: ಪೂರ್ತಿ ಓದಿ. ಫೋನಲ್ಲಿ ಇನ್ನೂ ಏನೋ ಕಾಣ್ತಾ ಅದೆ.

ಕಾಂತರಾಜ್: ಒಂದು ಪಾಯಿಂಟ್ ಏಳು ಐದು ಎರಡು ಆರು. ಕೊನೆಯ ಎರಡನ್ನೂ ಆರನ್ನೂ ಬಿಟ್ಟೆ.

ಮುನಿಸ್ವಾಮಪ್ಪ: ಯಾರನ್ನ ಕೇಳಿ ಬಿಟ್ರಿ? ಇಪ್ಪತ್ತಾರು ಬಿಡೋಕೆ ಅದೇನು ನಿಮ್ಮೂರ ತೆಂಗಿನಕಾಯಾ?

ಕಾಂತರಾಜ್: ಅದು ಬೆಂಕಿಕಡ್ಡಿ ದಪ್ಪ ಬರತ್ತೆ ಮಾವ, ಅಷ್ಟೇ. ಹಲಗೆ ಗೋಡೆ ಮಧ್ಯ ಇಳಿಯೋಕೆ ಅಷ್ಟು ಸಡಿಲ ಬೇಕೇ ಬೇಕು.

ಮುನಿಸ್ವಾಮಪ್ಪ: ಅದು ಮಾತು. ಮೀಟರಲ್ಲೂ ಬುದ್ಧಿ ಇರೋರು ಇದಾರೆ. ಆದ್ರೂ ಒಂದು ಕೆಲಸ ಮಾಡಾನ. ಆ ಮಿಷಿನ್ ನಂಬಿ ನಾನು ಅಲಗೆ ಕಳಿಸಲ್ಲ. ಎಲ್ಲಿ ಕುಯ್ಬೇಕೋ ಅಲ್ಲಿ ಪೆನ್ಸಿಲಲ್ಲಿ ಗೆರೆ ನಾನೇ ಆಕ್ತೀನಿ. ಅಲಗೆ ಆರಡಿ, ಎಪ್ಪತ್ತೆರಡು ಇಂಚು. ಅರವತ್ತೊಂಬತ್ತು ಬಿಟ್ಟು ಈ ಕಡೆ ಮೂರಿಂಚು ಓಗ್ಬೇಕು.

ಕಿವಿಯ ಮೇಲಿಂದ ಪೆನ್ಸಿಲ್ ಇಳಿಯಿತು. ಅಮ್ಮಾಜಮ್ಮ ಎದ್ದು ಬಂದು ಟೇಪಿನ ಮೊಂಡು ತುದಿಯನ್ನು ಹಲಗೆಯ ಒಂದು ಅಂಚಿಗೆ ಒತ್ತಿ ಹಿಡಿದರು. ಮುನಿಸ್ವಾಮಪ್ಪ ಡಬ್ಬಿ ಹಿಡಿದು ಹಿಂದೆ ಹಿಂದೆ ನಡೆದರು. ಹೊರಗೆ ಗೂಡ್ಸ್ ಆಟೋ ಬಂದು ನಿಂತು ಹಾರನ್ ಹೊಡೆಯಿತು.

ಮುನಿಸ್ವಾಮಪ್ಪ: ಅರವತ್ತೊಂಬತ್ತು, ಇಗೋ ಇಲ್ಲಿ ಗೆರೆ.

ಕಾಂತರಾಜ್: ತಡೀರಿ ಮಾವ. ಅಲ್ಲಿ ಹಾಕಬೇಡಿ. ಈಗ ಮೂರು ಕೂಡಬೇಕು.

ಅಮ್ಮಾಜಮ್ಮ: ಕೂಡ್ಬೇಕಾ? ಬೆಳಗಿಂದ ಕಳೀರಿ ಕಳೀರಿ ಅಂತಿದ್ರಲ್ಲಪ್ಪ.

ಕಾಂತರಾಜ್: ಅಳತೆ ಓದುವಾಗ ಕಳೀಬೇಕು ಅತ್ತೆ. ಗೆರೆ ಹಾಕುವಾಗ ಕೂಡಬೇಕು. ಟೇಪು ಶುರು ಆಗೋದೇ ಮೂರರಿಂದ. ಅರವತ್ತೊಂಬತ್ತು ಅಂತ ಇರೋ ಕಡೆ ಗೆರೆ ಹಾಕಿದ್ರೆ ಸಿಗೋ ಮರ ಅರವತ್ತಾರೇ. ನಮಗೆ ಅರವತ್ತೊಂಬತ್ತು ಮರ ಬೇಕು ಅಂದ್ರೆ ಟೇಪಲ್ಲಿ ಎಪ್ಪತ್ತೆರಡಕ್ಕೆ ಹೋಗಬೇಕು.

ಮುನಿಸ್ವಾಮಪ್ಪ ತುಟಿಯಲ್ಲೇ ಲೆಕ್ಕ ಹಾಕಿದರು. 

ಮುನಿಸ್ವಾಮಪ್ಪ: ಸರಿಯಾಗೇ ಅದೆ. ನೀವು ತಡೀಲಿಲ್ಲ ಅಂದಿದ್ರೆ ಕೆಟ್ಟಿದ್ದೆ. ಎಪ್ಪತ್ತೆರಡು ಅಲ್ವಾ. ಎಪ್ಪತ್ತು. ಎಪ್ಪತ್ತೊಂದು. ಎಪ್ಪತ್ತೆರಡು, ಇಗೋ…

ಪೆನ್ಸಿಲ್ ಗೆರೆ ಹಾಕಲು ಹೋಯಿತು. ಅಲ್ಲಿ ಮರ ಇರಲಿಲ್ಲ. ಎಪ್ಪತ್ತೆರಡು ಎಂಬ ಅಂಕಿ ಹಲಗೆಯ ತುದಿಗೆ ಸರಿಯಾಗಿ ಬಂದು ನಿಂತಿತ್ತು, ಕೂದಲೆಳೆಯಷ್ಟು ಆಚೆಗೂ ಇಲ್ಲ, ಈಚೆಗೂ ಇಲ್ಲ. ಪೆನ್ಸಿಲ್ ಕೈ ಜಾರಿ ಅವರೆಕಾಯಿ ಸಿಪ್ಪೆಯಲ್ಲಿ ಬಿತ್ತು.

ಮೂವರೂ ಹಲಗೆಯ ತುದಿಯನ್ನೇ ನೋಡಿದರು.

ಮುನಿಸ್ವಾಮಪ್ಪ: ಅಲಗೆ ಆರಡಿ ಅಲ್ವಾ?

ಕಾಂತರಾಜ್: ಆರಡಿ ಅಂತ ಯಾವ ಟೇಪಲ್ಲಿ ಅಳೆದಿದ್ರಿ ಮಾವ?

ಮುನಿಸ್ವಾಮಪ್ಪ: ಇನ್ಯಾವ ಟೇಪು, ಇದೇ. ಹರಾಜು ಮುಗಿದಿದ್ದೇ ಅಳೆದೆ. ಎಪ್ಪತ್ತೆರಡು ತೋರಿಸ್ತು. ಕುಷಿ ತಡೀಲಾರ್ದೆ ತಲೆ ಮ್ಯಾಲೆ ಒತ್ಕೊಂಡು, ಸಿಕ್ಕಿದೋರಿಗೆಲ್ಲ ಆರಡಿ ತೇಗ, ಆರಡಿ ತೇಗ ಅಂತ ಯೋಳ್ಕೊಂಡು ಬಂದೆ.

ಅಮ್ಮಾಜಮ್ಮ: ಮೂರು ಕಳೆದ್ರಾ?

ಮುನಿಸ್ವಾಮಪ್ಪ ಬಗ್ಗಿ ಸಿಪ್ಪೆಯಲ್ಲಿ ಪೆನ್ಸಿಲ್ ಹುಡುಕತೊಡಗಿದರು.

ಅಮ್ಮಾಜಮ್ಮ: ನಾಲ್ಕು ಮೊಳಕ್ಕೆ ನಾಲ್ಕು ಬೆರಳು ಕಮ್ಮಿ ಅಂತ ಬೆಳಗಿಂದ ಬಡ್ಕೊಂಡೆ. ಹೂವಿನ ಮೊಳ ಅಂದ್ರಿ. 

ಕಾಂತರಾಜ್: ನಾಲ್ಕು ಮೊಳ ಎಪ್ಪತ್ತೆರಡು, ನಾಲ್ಕು ಬೆರಳು ಮೂರು. ಅತ್ತೆ, ನೀವು ಹೇಳಿದ್ದು ಅರವತ್ತೊಂಬತ್ತೇ. ಅಂಗಡಿನೂ ಈ ಟೇಪಲ್ಲಿ ಎಪ್ಪತ್ತೆರಡು, ಹಲಗೆನೂ ಈ ಟೇಪಲ್ಲಿ ಎಪ್ಪತ್ತೆರಡು. ನಮ್ಮಲ್ಲಿ ಯಾರೂ ಲೆಕ್ಕ ಬಲ್ಲವರಾಗಿರದಿದ್ರೆ ಹಲಗೆ ಇಷ್ಟೊತ್ತಿಗೆ ಅಂಗಡೀಲಿ ಕೂತಿರೋದು.

ಮುನಿಸ್ವಾಮಪ್ಪ ಹಲಗೆಯ ತುದಿಗೆ ಅಂಗೈ ಒತ್ತಿ ಹಿಡಿದರು. ಅರವತ್ಮೂರಕ್ಕೆ ಕೊಯ್ಯಿಸಿದ್ದರೆ ಆರಿಂಚು ಹೋಗುತ್ತಿತ್ತು. ಗೆರೆ ತಪ್ಪಿ ಹಾಕಿದ್ದರೆ ಮೂರಿಂಚು ಹೋಗುತ್ತಿತ್ತು. ಎರಡರಲ್ಲಿ ಯಾವ ಲೆಕ್ಕದಲ್ಲಿ ಕೊಯ್ದಿದ್ದರೂ ಹಲಗೆ ಕೆಡುತ್ತಿತ್ತು. ಅವರಿಗೆ ನಗು ಬಂತು, ಜೊತೆಗೆ ಕಣ್ಣಲ್ಲೂ ಏನೋ ಬಂತು, ಎರಡನ್ನೂ ಹೆಗಲ ಮೇಲಿನ ಟವಲಿನಲ್ಲಿ ಒರೆಸಿಕೊಂಡರು.

ಮುನಿಸ್ವಾಮಪ್ಪ: ಅಂಗಾದ್ರೆ ಇದು ಕಲಾ ಅಂಗಡಿಗೇ ಅಂತ ಅಳತೆ ಮಾಡ್ಸಿದಂಗೆ ಅದೆ. ಆವಾಗ ಅವಳು ಇನ್ನೂ ಇಸ್ಕೂಲಿಗೆ ಓಗ್ತಿದ್ಲು.

ಕಾಂತರಾಜ್: ಬೆಂಕಿಕಡ್ಡಿಯಷ್ಟು ಸವೆಸಬೇಕು ಮಾವ, ಅಷ್ಟೇ.

ಮುನಿಸ್ವಾಮಪ್ಪ: ಅದಕ್ಕೆ ಮಿಷಿನ್ ಯಾಕೆ? ಉಪ್ಪು ಕಾಗದ ಅದೆ ಮನೇಲಿ. ಅಷ್ಟಕ್ಕೆ ನನ್ನ ಭುಜನೇ ಸಾಕು. ಆಟೋ ನೇರವಾಗಿ ಅಂಗಡಿಗೇ ಓಗ್ಲಿ. ಮೊದ್ಲು ಬಾಗಿಲಲ್ಲಿ ಈಚೆಗೆ ಬತ್ತದಾ ನೋಡಿ ಅಂತ ಯಾರಾನ ಅಂದ್ರೆ ಸುಮ್ಕಿರಲ್ಲ.

ಅಮ್ಮಾಜಮ್ಮ: ಜಗಲಿ ಮ್ಯಾಲೇ ಅದೆ ಅಂತ ತಾನೇ ಸುಮ್ಕಿದೀನಿ.

ಫೋನ್ ಮತ್ತೆ ಬಡಿದುಕೊಂಡಿತು.

ವಿಜಯಕುಮಾರ್ (ಫೋನಿನಲ್ಲಿ): ಸಾರ್, ಹನ್ನೆರಡಾಗ್ತಾ ಬಂತು. ಮೊದಲು ಒಂದು ಪಾಯಿಂಟ್ ಆರು ಅಂದ್ರಿ. ಆಮೇಲೆ ಒಂದು ಪಾಯಿಂಟ್ ಏಳು ಐದು ಅಂತ ಕಳಿಸಿದ್ರಿ. ಈಗ ಕೊನೇ ಸಲ ಕೇಳ್ತಿದೀನಿ. ಎಷ್ಟು ಕೊಯ್ಬೇಕು?

ಕಾಂತರಾಜ್: ಸೊನ್ನೆ.

ವಿಜಯಕುಮಾರ್: ಸೊನ್ನೆ ಇಂಚಾ, ಸೊನ್ನೆ ಮೀಟರಾ?

ಮುನಿಸ್ವಾಮಪ್ಪ ಅಳಿಯನ ಕೈಯಿಂದ ಫೋನ್ ತೆಗೆದುಕೊಂಡರು.

ಮುನಿಸ್ವಾಮಪ್ಪ: ಸದ್ಯಕ್ಕೆ ಇಂಚಲ್ಲಿ ಬರ್ಕೊಳ್ಳಪ್ಪ. ಮೀಟರು ಎಷ್ಟು ಬತ್ತದೆ ಅಂತ ನಮ್ಮ ಅಳಿಯಂದ್ರು ಲೆಕ್ಕ ಆಕಿ ಏಳ್ತಾರೆ.

ಅಮ್ಮಾಜಮ್ಮ: ನೋಡ್ಕೊಂಡ್ ಆಕಪ್ಪ ಕಾಂತರಾಜು. ಅದರಲ್ಲೂ ಮೂರು ಕಳೆದುಬಿಟ್ಟೀಯಾ.